ತಂತಿಯ ನಾದವನ್ನು ಅಳೆದವರು: ಸರ್ ಸಿ. ವಿ. ರಾಮನ್

ಕಗ್ಗದಾಸಪುರಕ್ಕೆ ಅಂಟಿಕೊಂಡಂತೆಯೇ ಸಿ. ವಿ. ರಾಮನ್ ನಗರವಿದೆ. ಬಸ್ಸಿನ ಫಲಕದಲ್ಲಿಯೂ ಅಂಗಡಿಗಳ ಹಲಗೆಗಳಲ್ಲಿಯೂ ಈ ಹೆಸರನ್ನು ನಾವು ನಿತ್ಯವೂ ಓದುತ್ತೇವೆ. ಓದಿ ಓದಿ ಅದು ಒಬ್ಬ ಮನುಷ್ಯನ ಹೆಸರೆಂಬುದನ್ನೇ ಮರೆಯುತ್ತೇವೆ. ನೆನೆದವರಾದರೂ ನೊಬೆಲ್ ಪಾರಿತೋಷಕವನ್ನೂ ಬೆಳಕಿನ ಚೆದರಿಕೆಯನ್ನೂ ನೆನೆದು ಅಲ್ಲಿಗೆ ನಿಲ್ಲಿಸುತ್ತಾರೆ. ಆ ಪಾರಿತೋಷಕಕ್ಕೆ ಮುಂಚಿನ ಸುಮಾರು ಹದಿನೈದು ವರ್ಷಗಳ ಕಾಲ ಈ ಮಹನೀಯರ ಮನಸ್ಸನ್ನು ಬಹುಮಟ್ಟಿಗೆ ತುಂಬಿದ್ದುದು ಪಿಟೀಲು, ವೀಣೆ, ತಂಬೂರಿ ಮತ್ತು ಮೃದಂಗಗಳೆಂಬುದನ್ನು ಬಲ್ಲವರು ವಿರಳ. ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಭೌತವಿಜ್ಞಾನಿಯೊಬ್ಬರ ಚರಿತ್ರೆಗೆ ಎಡೆ ಬೇಡುವುದಕ್ಕೆ ನನಗಿರುವ ನೆಪ ಇದೇ.

ಇನ್ನೊಂದು ನೆಪವೂ ಉಂಟು. ಈಚೆಗೆ ನಮ್ಮ ಮಿತ್ರರಲ್ಲಿ ಗಿಟಾರು ಹಿಡಿಯುವವರು ಹೆಚ್ಚಿದ್ದಾರೆ. ಅವರಲ್ಲಿ ಎರಡು ಪಂಗಡ. ಮರದ ಒಡಲು, ಅಯಸ್ಕಾಂತ, ತಾಮ್ರದ ಸುರುಳಿ, ಇಷ್ಟರಿಂದಲೇ ಹಾಡುವ ಹಳೆಯ ವಿದ್ಯುತ್ ಗಿಟಾರೇ ನಿಜವಾದ ವಾದ್ಯವೆಂದು ಒಂದು ಪಂಗಡ ಸಾಧಿಸುತ್ತದೆ. ಒಳಗೊಂದು ಸಣ್ಣ ಗಣಕವನ್ನಿಟ್ಟುಕೊಂಡು, ಗುಂಡಿಯೊಂದನ್ನು ತಿರುಗಿಸಿದೊಡನೆ ಹತ್ತಾರು ಗಿಟಾರುಗಳ ಕಂಠವನ್ನು ಅನುಕರಿಸಬಲ್ಲ ಡಿಜಿಟಲ್ ಮಾಡೆಲಿಂಗ್ ಗಿಟಾರು ಸಾಕೆಂದು ಇನ್ನೊಂದು. ನಾದವೆಂಬುದು ವಾದ್ಯದ ವಸ್ತುವಿನಲ್ಲಿದೆಯೋ ಅಥವಾ ಲೆಕ್ಕದಲ್ಲಿ ಹಿಡಿಯಬಹುದಾದ ನಿಯಮದಲ್ಲಿದೆಯೋ ಎಂಬುದೇ ಈ ವ್ಯಾಜ್ಯದ ತಿರುಳು. ಇದೇ ಪ್ರಶ್ನೆಯನ್ನು ನೂರು ವರ್ಷಗಳ ಹಿಂದೆ ಕಲ್ಕತ್ತೆಯ ಒಂದು ಹಳೆಯ ಕಟ್ಟಡದಲ್ಲಿ ಕುಳಿತು, ಗಣಕವೂ ಇಲ್ಲದೆ ಹೆಚ್ಚಿನ ಹಣವೂ ಇಲ್ಲದೆ, ರಾಮನ್ನರು ತಮ್ಮ ರೀತಿಯಲ್ಲಿ ಕೈಗೆತ್ತಿಕೊಂಡಿದ್ದರು.

ಚಂದ್ರಶೇಖರ ವೆಂಕಟ ರಾಮನ್ನರು ಜನಿಸಿದುದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯ ಬಳಿಯ ತಿರುವಾನೈಕ್ಕಾವಲಿನಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತವಿಜ್ಞಾನಗಳ ಅಧ್ಯಾಪಕರು; ಬಾಲಕನಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ ಅವರು ವಿಶಾಖಪಟ್ಟಣದ ಕಾಲೇಜಿಗೆ ಹೋದರು. ಮನೆಯಲ್ಲಿ ಪುಸ್ತಕಗಳಿದ್ದವು, ತಂದೆಯವರು ನುಡಿಸುತ್ತಿದ್ದ ಪಿಟೀಲೂ ಇದ್ದಿತು. ಹುಡುಗನ ದೇಹ ಕೃಶ, ಬುದ್ಧಿ ಮಾತ್ರ ವಯಸ್ಸನ್ನು ಮೀರಿದ್ದು. ಹನ್ನೊಂದನೆಯ ವಯಸ್ಸಿಗೆ ಮೆಟ್ರಿಕ್ಯುಲೇಷನ್ ಮುಗಿಯಿತು. 1904ರಲ್ಲಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಪ್ರಥಮ ಸ್ಥಾನದೊಂದಿಗೆ ಬಿ.ಎ.; 1907ರಲ್ಲಿ ಎಂ.ಎ. ಅದಕ್ಕೂ ಮೊದಲೇ, 1906ರ ನವೆಂಬರಿನಲ್ಲಿ, ಹದಿನೆಂಟು ತುಂಬಿದ ಆ ತರುಣನ ಮೊದಲ ಲೇಖನ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನಿನಲ್ಲಿ ಅಚ್ಚಾಗಿದ್ದಿತು. ಅದು ಬೆಳಕನ್ನು ಕುರಿತದ್ದು.

ತಮ್ಮ ಜೀವನವನ್ನು ರೂಪಿಸಿದ ಪುಸ್ತಕಗಳು ಮೂರು ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಬುದ್ಧನ ಜೀವನವನ್ನು ಕುರಿತ ಎಡ್ವಿನ್ ಆರ್ನಾಲ್ಡನ ಕಾವ್ಯ ಒಂದು. ಯೂಕ್ಲಿಡನ ರೇಖಾಗಣಿತ ಎರಡು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ, ಸ್ವರಸಂವೇದನೆಯನ್ನು ಕುರಿತ ಮಹಾಗ್ರಂಥ ಮೂರನೆಯದು. ಆ ಮೂರನೆಯದನ್ನು ಆತ ಇಂಗ್ಲಿಷ್ ಅನುವಾದದಲ್ಲಿ ಕಾಲೇಜಿನ ದಿನಗಳಲ್ಲಿಯೇ ಓದಿದ್ದನು. ತಂತಿಯನ್ನು ಮೀಟಿದಾಗ ಕೇಳುವುದು ಒಂದೇ ಸ್ವರವಲ್ಲ, ಅದರೊಡನೆ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಸ್ವಯಂಭು ಸ್ವರಗಳೂ ಹೊರಡುತ್ತವೆ, ಅವುಗಳ ಪ್ರಮಾಣದಿಂದಲೇ ಒಂದು ವಾದ್ಯದ ಕಂಠ ಇನ್ನೊಂದರಿಂದ ಬೇರೆಯಾಗುತ್ತದೆ ಎಂಬ ವಿಚಾರವನ್ನು ಜಗತ್ತಿಗೆ ವಿಶದವಾಗಿ ತಿಳಿಸಿದವನು ಹೆಲ್ಮ್‌ಹೋಲ್ಟ್ಸ್. ಅವನ ಪುಸ್ತಕದಲ್ಲಿ ಪಿಯಾನೋ ಇದೆ, ಆರ್ಗನ್ ಇದೆ, ಪಿಟೀಲು ಇದೆ. ಅವನು ಬಿಟ್ಟುಹೋದ ಸಂಗತಿಗಳು ಎಷ್ಟು ಎಂಬುದನ್ನು ಕಾಣಲು ವೀಣೆಯ ಸದ್ದು ಕೇಳಿ ಬೆಳೆದ ಒಬ್ಬನು ಆ ಪುಸ್ತಕವನ್ನು ಓದಬೇಕಾಗಿದ್ದಿತು.

ವೀಣೆಯೋ, ಮನೆಗೇ ಬಂದಿತು. 1907ರಲ್ಲಿ ರಾಮನ್ನರು ವಿವಾಹವಾದ ಲೋಕಸುಂದರಿ ಅಮ್ಮಾಳ್ ವೀಣೆ ನುಡಿಸುವವರು. ಅವರು ತ್ಯಾಗರಾಜರ ಕೃತಿಯೊಂದನ್ನು ನುಡಿಸುತ್ತಿದ್ದುದನ್ನು ಕೇಳಿಯೇ ವರನು ಒಪ್ಪಿದನೆಂದು ಒಂದು ಕಥೆ ಪ್ರಚಾರದಲ್ಲಿದೆ. ಇಂಥ ಕಥೆಗಳನ್ನು ಅತಿಯಾಗಿ ಪರೀಕ್ಷಿಸಬಾರದು. ಅದೇ ವರ್ಷ ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, ಹದಿನೆಂಟರ ವಯಸ್ಸಿನಲ್ಲಿಯೇ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ರಾಮನ್ನರು ಕಲ್ಕತ್ತೆಗೆ ಹೊರಟರು. ಆ ಕಾಲದ ಭಾರತೀಯನಿಗೆ ಅದಕ್ಕಿಂತ ಭದ್ರವಾದ ಕೆಲಸವಿರಲಿಲ್ಲ. ವಿಜ್ಞಾನದಿಂದ ಹೊಟ್ಟೆ ತುಂಬುವ ಮಾರ್ಗವಂತೂ ಇರಲೇ ಇಲ್ಲ.

ಟ್ರಾಮಿನಲ್ಲಿ ಹೋಗುತ್ತ ಬೌಬಜಾರ್ ಬೀದಿಯ 210ನೆಯ ಸಂಖ್ಯೆಯ ಕಟ್ಟಡದ ಮೇಲೆ ಅವರು ಒಂದು ಫಲಕವನ್ನು ಕಂಡರು. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರರು 1876ರಲ್ಲಿ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಸಂವರ್ಧನ ಸಂಘ ಅದು. ಕಟ್ಟಡವಿದ್ದಿತು, ಉಪಕರಣಗಳಿದ್ದವು, ಸಂಶೋಧನೆ ನಡೆಸುವವರು ಇರಲಿಲ್ಲ. ರಾಮನ್ನರು ಅಂದಿನಿಂದ ಕಚೇರಿಗೆ ಮುನ್ನ ಬೆಳಗಿನ ಹೊತ್ತು, ಕಚೇರಿಯ ಬಳಿಕ ಸಂಜೆಯಿಂದ ರಾತ್ರಿಯವರೆಗೆ, ಭಾನುವಾರವಾದರೆ ಇಡೀ ದಿನ ಅಲ್ಲಿಯೇ ಕಳೆದರು. ಅಶುತೋಷ್ ದೇ ಎಂಬ ಸಹಾಯಕರು ಅವರಿಗೆ ಬಲಗೈಯಾದರು. ನಡುವೆ 1909ರಲ್ಲಿ ರಂಗೂನಿಗೂ 1910ರಲ್ಲಿ ನಾಗಪುರಕ್ಕೂ ವರ್ಗವಾಯಿತು. 1911ರಲ್ಲಿ ಮತ್ತೆ ಕಲ್ಕತ್ತೆಗೆ ಬಂದರು. ಹಗಲೆಲ್ಲ ಸರಕಾರದ ಜಮಾಖರ್ಚು, ಉಳಿದ ವೇಳೆಯಲ್ಲಿ ತಂತಿಯ ಕಂಪನ. ಹೀಗೆ ಹತ್ತು ವರ್ಷ.

ಆ ದಿನಗಳ ಅವರ ಲೇಖನಗಳಲ್ಲಿ ಒಂದು ಏಕತಾರಿಯನ್ನು ಕುರಿತದ್ದು, 1909ರಲ್ಲಿ ಪ್ರಕಟವಾಯಿತು. ಬೈರಾಗಿಯ ಕೈಯಲ್ಲಿನ ಒಂದು ತಂತಿಯ ವಾದ್ಯಕ್ಕೂ ಗಣಿತದ ಪತ್ರಿಕೆಯಲ್ಲಿ ಸ್ಥಾನವುಂಟೆಂದು ತೋರಿಸಿದುದೇ ನನ್ನ ದೃಷ್ಟಿಯಲ್ಲಿ ಒಂದು ದೊಡ್ಡ ಸಂಗತಿ. ಆದರೆ ಬಹುಕಾಲ ಅವರನ್ನು ಹಿಡಿದಿಟ್ಟದ್ದು ಪಿಟೀಲು. ಕಮಾನು ಎಳೆದಾಗ ತಂತಿ ಹೇಗೆ ಚಲಿಸುತ್ತದೆ? ಕಣ್ಣಿಗೆ ಕಾಣುವುದು ಎರಡು ತುದಿಗಳಲ್ಲಿ ಚೂಪಾಗಿ ನಡುವೆ ಉಬ್ಬಿದ ಒಂದು ಮಸುಕು ಮಾತ್ರ. ನಿಜದಲ್ಲಿ ಆಯಾ ಗಳಿಗೆಯಲ್ಲಿ ತಂತಿಯು ಎರಡು ಸರಳರೇಖೆಗಳಾಗಿ ಮುರಿದಂತಿದ್ದು, ಅವುಗಳ ನಡುವಣ ಮೂಲೆಯು ಈ ತುದಿಯಿಂದ ಆ ತುದಿಗೆ ಓಡಿ ಮರಳುತ್ತಿರುತ್ತದೆ. ಇಷ್ಟನ್ನು ಹೆಲ್ಮ್‌ಹೋಲ್ಟ್ಸ್ ಕಂಡಿದ್ದನು. ಕಮಾನನ್ನು ಬೇರೆ ಬೇರೆ ಜಾಗಗಳಲ್ಲಿ ಬೇರೆ ಬೇರೆ ಒತ್ತಡದಿಂದ ಎಳೆದರೆ ಒಂದು ಮೂಲೆಯ ಬದಲು ಎರಡೋ ಮೂರೋ ಮೂಲೆಗಳು ಓಡಬಹುದೆಂದೂ, ಅವುಗಳನ್ನೆಲ್ಲ ವರ್ಗೀಕರಿಸಬಹುದೆಂದೂ ರಾಮನ್ನರು ತೋರಿಸಿದರು. ಅವರ ವಿಧಾನ ಸರಳವಾದುದು, ಅದಕ್ಕೆಂದೇ ಸುಂದರವಾದುದು. ತಂತಿಯ ಚಲನೆಯೆಂದರೆ ಎದುರುಬದುರಾಗಿ ಓಡುವ ಎರಡು ಅಲೆಗಳು. ತುದಿಗೆ ತಾಗಿದ ಅಲೆ ತಲೆಕೆಳಗಾಗಿ, ಒಂದಿಷ್ಟು ಸೊರಗಿ, ಹಿಂದಿರುಗುತ್ತದೆ. ಇಷ್ಟನ್ನು ಗೆರೆಗಳಲ್ಲಿ ಎಳೆದು ಹಂತಹಂತವಾಗಿ ಲೆಕ್ಕಹಾಕಿದರೆ ತಂತಿಯ ಯಾವ ಬಿಂದು ಯಾವ ಗಳಿಗೆಯಲ್ಲಿ ಏನು ಮಾಡುತ್ತಿದೆ ಎಂದು ಹೇಳಬಹುದು. ಹೇಳಿ, ಚಲಿಸುವ ಛಾಯಾಫಲಕದ ಮೇಲೆ ತಂತಿಯ ಕಂಪನವನ್ನು ತಾನೇ ಬರೆದುಕೊಳ್ಳುವಂತೆ ಮಾಡಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರು. ಈ ಕೆಲಸವೆಲ್ಲ 1918ರಲ್ಲಿ ಸಂಘದ 15ನೆಯ ಪ್ರಕಟಣೆಯಾಗಿ, ನೂರೈವತ್ತು ಪುಟಗಳನ್ನು ಮೀರಿದ ಗ್ರಂಥವಾಗಿ ಹೊರಬಂದಿತು.

ಅಷ್ಟರಲ್ಲಿ ಅವರ ಬದುಕು ತಿರುಗಿದ್ದಿತು. ಕಲ್ಕತ್ತ ವಿಶ್ವವಿದ್ಯಾನಿಲಯದ ಅಶುತೋಷ್ ಮುಖರ್ಜಿಯವರು ಪಾಲಿತ್ ಪ್ರಾಧ್ಯಾಪಕ ಪೀಠವನ್ನು ಅವರಿಗೆ ನೀಡಬಯಸಿದರು. ಸಂಬಳ ಸರಕಾರಿ ಕೆಲಸದ ಸುಮಾರು ಅರ್ಧ. ಮೊದಲು ವಿದೇಶದಲ್ಲಿ ತರಬೇತಿ ಪಡೆದು ಬರಬೇಕೆಂಬ ನಿಬಂಧನೆಯೂ ಇದ್ದಿತು. ರಾಮನ್ನರು ಸಂಬಳದ ನಷ್ಟವನ್ನು ಒಪ್ಪಿದರು, ತರಬೇತಿಯ ನಿಬಂಧನೆಯನ್ನು ಒಪ್ಪಲಿಲ್ಲ. ನಿಬಂಧನೆಯೇ ಬಿದ್ದುಹೋಗಿ, 1917ರಲ್ಲಿ ಅವರು ಪ್ರಾಧ್ಯಾಪಕರಾದರು. ಹೆಂಡತಿ, ಸಂಸಾರ, ಮುಂದಿನ ನಿವೃತ್ತಿವೇತನ ಇವನ್ನೆಲ್ಲ ತೂಗಿ ನೋಡುವ ನಮ್ಮಂಥವರಿಗೆ ಈ ನಿರ್ಧಾರದ ಭಾರ ಚೆನ್ನಾಗಿ ಅರ್ಥವಾಗಬೇಕು.

1920ರಲ್ಲಿ ಅವರು ಪ್ರಕಟಿಸಿದ ಒಂದು ಪ್ರಯೋಗವು ನಮ್ಮ ಗಿಟಾರಿನ ಮಿತ್ರರು ಗಮನಿಸತಕ್ಕದ್ದು. ಪಿಟೀಲನ್ನು ನುಡಿಸಲು ಅವರು ಯಂತ್ರವೊಂದನ್ನು ಕಟ್ಟಿದರು. ಮನುಷ್ಯನ ಕೈ ಒಂದೊಂದು ಸಲ ಒಂದೊಂದು ತೆರನಾಗಿ ಎಳೆಯುತ್ತದೆ, ಅಳತೆಗೆ ನಿಲ್ಲುವುದಿಲ್ಲ. ಅದಕ್ಕಾಗಿ ಕಮಾನನ್ನು ಒಂದೆಡೆ ಹಿಡಿದಿರಿಸಿ, ಪಿಟೀಲನ್ನೇ ಸಮವೇಗದಿಂದ ಹಿಂದಕ್ಕೂ ಮುಂದಕ್ಕೂ ಓಡಾಡಿಸಿದರು. ಕಮಾನಿನ ಒತ್ತಡ ಇಷ್ಟು, ವೇಗ ಇಷ್ಟು, ಕುದುರೆಯಿಂದ ದೂರ ಇಷ್ಟು ಎಂದು ಗೊತ್ತುಮಾಡಿ, ಶುದ್ಧಸ್ವರ ಹೊರಡಲು ಬೇಕಾದ ಕನಿಷ್ಠ ಒತ್ತಡವನ್ನು ಒಂದೊಂದು ಸ್ವರಕ್ಕೂ ಅಳೆದರು. ಪಿಟೀಲಿನ ಒಡಲು ತಾನೇ ಬಲವಾಗಿ ಅನುರಣಿಸುವ ಸ್ವರಗಳ ಬಳಿ ಆ ಒತ್ತಡ ಥಟ್ಟನೆ ಏರುತ್ತಿದ್ದಿತು. ಒಡಲು ತಂತಿಯಿಂದ ಶಕ್ತಿಯನ್ನು ಹೆಚ್ಚಾಗಿ ಸೆಳೆದುಕೊಂಡಷ್ಟೂ ಕಮಾನು ಹೆಚ್ಚು ಬಲವಾಗಿ ಹಿಡಿಯಬೇಕಾಗುತ್ತದೆಂದು ಇದರ ಅರ್ಥ. ಪಾಶ್ಚಾತ್ಯ ವಾದಕರು ತೋಳದ ಸ್ವರವೆಂದು ಹೆಸರಿಟ್ಟು ಹೆದರುವ, ಚೆಲ್ಲೋ ವಾದ್ಯದಲ್ಲಿ ಗುರುಗುಟ್ಟುವ ಆ ಒಂದು ಸ್ವರಕ್ಕೆ ಕಾರಣವನ್ನೂ 1916ರಲ್ಲಿಯೇ ಅವರು ಈ ದಾರಿಯಲ್ಲಿ ವಿವರಿಸಿದ್ದರು.

ವಾದಕನನ್ನು ತೆಗೆದುಹಾಕಿ ವಾದ್ಯವನ್ನು ಉಳಿಸಿಕೊಳ್ಳುವ ಈ ಉಪಾಯ ಕೆಲವರಿಗೆ ಕ್ರೂರವೆಂದು ತೋರೀತು. ಸಂಗೀತವನ್ನು ಯಂತ್ರಕ್ಕೆ ಒಪ್ಪಿಸಬೇಕೆಂದು ರಾಮನ್ನರು ಬಯಸಿರಲಿಲ್ಲ. ವಾದಕನ ಕೈ ಅರಿಯದೆಯೇ ಮಾಡುತ್ತಿರುವ ಕೆಲಸ ಎಷ್ಟು ಸೂಕ್ಷ್ಮವೆಂಬುದು ಅಳೆದ ಮೇಲೆಯೇ ಗೊತ್ತಾಯಿತು. ಒಳ್ಳೆಯ ವಾದಕನು ಒಂದೊಂದು ಸ್ವರಕ್ಕೂ ಒತ್ತಡವನ್ನು ಬದಲಾಯಿಸುತ್ತಲೇ ಇರುತ್ತಾನೆ, ಕೇಳಿದರೆ ಹೇಳಲಾರ.

ಈಗ ಗಿಟಾರಿಗೆ ಬರೋಣ. ರಾಮನ್ನರಿಗೆ ನೊಬೆಲ್ ಪಾರಿತೋಷಕ ಬಂದ ಮರುವರ್ಷ, 1931ರಲ್ಲಿ, ಅಮೆರಿಕದ ಜಾರ್ಜ್ ಬೋಶಾಂಪ್ ಎಂಬ ವಾದಕನು ಅಯಸ್ಕಾಂತದ ಪಿಕಪ್ಪನ್ನು ಗಿಟಾರಿಗೆ ಅಳವಡಿಸಿದನು; ರಿಕನ್‌ಬ್ಯಾಕರ್‌ನ ಕಾರ್ಖಾನೆ ಅದನ್ನು ಮಾರುಕಟ್ಟೆಗೆ ತಂದಿತು. ವಾದ್ಯಗೋಷ್ಠಿಯ ತುತ್ತೂರಿಗಳ ನಡುವೆ ಗಿಟಾರು ಯಾರಿಗೂ ಕೇಳಿಸುತ್ತಿರಲಿಲ್ಲವೆಂಬುದೇ ಅದರ ಹುಟ್ಟಿಗೆ ಕಾರಣ. ಅಯಸ್ಕಾಂತದ ಸುತ್ತ ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ್ದಾರೆ. ಉಕ್ಕಿನ ತಂತಿ ಅದರ ಮುಂದೆ ನಡುಗಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ನಿಯಮ. ಪಿಕಪ್ಪಿನ ಕೆಳಗೆ ಯಾವ ಬಿಂದುವಿದೆಯೋ ಆ ಬಿಂದುವಿನ ಚಲನೆಯನ್ನು ಮಾತ್ರ ಅದು ಕೇಳುತ್ತದೆ. ಯಾವುದಾದರೊಂದು ಸ್ವಯಂಭು ಸ್ವರಕ್ಕೆ ಆ ಬಿಂದು ನಿಶ್ಚಲವಾಗಿದ್ದರೆ ಆ ಸ್ವರ ಅದಕ್ಕೆ ಕೇಳಿಸುವುದೇ ಇಲ್ಲ. ಕುದುರೆಯ ಪಕ್ಕದ ಪಿಕಪ್ಪು ಚುರುಕಾಗಿಯೂ ಕತ್ತಿನ ಬಳಿಯದು ಮೃದುವಾಗಿಯೂ ಹಾಡುವುದು ಇದರಿಂದ. ಸುರುಳಿಯು ಮನೆಯ ವಿದ್ಯುತ್ತಿನ 50 ಆವೃತ್ತಿಯ ಗುಂಯ್‌ಗುಡುವಿಕೆಯನ್ನೂ ಕೂಡಿಸಿಕೊಳ್ಳುತ್ತದೆಂಬುದು ಅದರ ದೋಷ. 1955ರಲ್ಲಿ ಗಿಬ್ಸನ್ ಕಾರ್ಖಾನೆಯ ಸೆತ್ ಲವರ್ ಎರಡು ಸುರುಳಿಗಳನ್ನು ಎದುರುಬದುರಾಗಿ ಹೂಡಿ ಆ ದೋಷವನ್ನು ಬಹುಮಟ್ಟಿಗೆ ನೀಗಿದನು.

ಮಾಡೆಲಿಂಗ್ ಗಿಟಾರು ಇನ್ನೊಂದು ಬಗೆ. 1995ರಲ್ಲಿ ರೋಲೆಂಡ್ ಸಂಸ್ಥೆಯ ಉಪಕರಣ ಈ ದಾರಿಯನ್ನು ತೆರೆಯಿತು. 2002ರಲ್ಲಿ ಲೈನ್ 6 ಸಂಸ್ಥೆಯ ವೇರಿಯಾಕ್ಸ್ ಬಂದಿತು. ವೇರಿಯಾಕ್ಸಿನ ಕುದುರೆಯಲ್ಲಿ ತಂತಿಗೊಂದರಂತೆ ಆರು ಪೀಜೋ ಸಂವೇದಕಗಳಿವೆ. ಒತ್ತಿದರೆ ವಿದ್ಯುತ್ತನ್ನು ಹುಟ್ಟಿಸುವ ಜಾತಿಯ ವಸ್ತು. ಆರು ತಂತಿಗಳ ಸಂಕೇತಗಳು ಆರು ಬೇರೆ ದಾರಿಗಳಲ್ಲಿ ಹೊರಟು, ಸೆಕೆಂಡಿಗೆ ಹತ್ತಾರು ಸಾವಿರ ಅಂಕೆಗಳಾಗಿ ಗಣಕವನ್ನು ಸೇರುತ್ತವೆ. ತಂತಿ ನಿಜ, ಬೆರಳು ನಿಜ. ಪಿಕಪ್ಪು ಮತ್ತು ಒಡಲು ಮಾತ್ರ ಲೆಕ್ಕ.

ಆ ಲೆಕ್ಕ ಯಾವುದು? ಕುದುರೆಯಿಂದ ಕಾಲುಭಾಗ ದೂರದಲ್ಲಿ ಪಿಕಪ್ಪು ಇದ್ದಿದ್ದರೆ ಏನು ಕೇಳುತ್ತಿತ್ತೆಂದು ಗಣಕ ಹೇಳಬೇಕು. ಆ ಬಿಂದುವನ್ನು ದಾಟಿದ ಅಲೆ ಕುದುರೆಗೆ ಹೋಗಿ ತಲೆಕೆಳಗಾಗಿ ಮರಳಿ ಅದೇ ಬಿಂದುವಿಗೆ ಬರುತ್ತದೆ. ಸೆಕೆಂಡಿಗೆ ಸುಮಾರು 82 ಸಲ ಕಂಪಿಸುವ ದಪ್ಪತಂತಿಯಲ್ಲಿ ಈ ಹೋಗಿಬರುವ ಕಾಲ ಸುಮಾರು 3 ಮಿಲಿಸೆಕೆಂಡು. ಆದುದರಿಂದ ಕುದುರೆಯ ಸಂಕೇತದಿಂದ, ಅಷ್ಟು ತಡವಾದ ಅದರದೇ ಪ್ರತಿಯನ್ನು ಕಳೆದರೆ ಸಾಕು. ನಾಲ್ಕನೆಯ ಸ್ವಯಂಭು ಸ್ವರ ತಾನಾಗಿಯೇ ಅಳಿದುಹೋಗಿ, ಕತ್ತಿನ ಬಳಿಯ ಪಿಕಪ್ಪಿನ ಕಂಠ ಬಹುಮಟ್ಟಿಗೆ ಬರುತ್ತದೆ. ಎದುರುಬದುರಾದ ಎರಡು ಅಲೆಗಳು, ತುದಿಯಲ್ಲಿ ತಲೆಕೆಳಗಾಗುವ ಒಂದು ಪ್ರತಿಫಲನ: 1918ರ ಗ್ರಂಥವನ್ನು ತಿರುವಿದವರಿಗೆ ಇದು ಹೊಸ ಮಾತೇನಲ್ಲ. ಗಿಟಾರನ್ನು ಕಂಡುಹಿಡಿದವರು ರಾಮನ್ನರೆಂದು ನಾನು ಹೇಳುತ್ತಿಲ್ಲ. ಅಂಥ ಅತಿಶಯೋಕ್ತಿ ಅವರಿಗೇ ರುಚಿಸುತ್ತಿರಲಿಲ್ಲ. ಆದರೆ ತಂತಿಯನ್ನು ಗಣಕದಲ್ಲಿ ಕಟ್ಟಿದ ವಿದ್ವಾಂಸರು, 1970 ಮತ್ತು 1980ರ ದಶಕಗಳಲ್ಲಿ ಕೇಂಬ್ರಿಜ್ಜಿನ ಮೆಕಿಂಟೈರ್ ಮತ್ತು ವುಡ್‌ಹೌಸ್ ಮೊದಲಾದವರು, ಪಿಟೀಲಿನ ತಂತಿಯ ಅತಿ ಸರಳವಾದ ಮಾದರಿಯನ್ನು ರಾಮನ್ ಮಾದರಿಯೆಂದೇ ಗುರುತಿಸುತ್ತಾರೆ. ಅವರು ಗೆರೆ ಎಳೆದು ಕೈಯಾರೆ ಮಾಡಿದ್ದನ್ನು ಯಂತ್ರ ಕಣ್ಣುಮಿಟುಕಿಸುವುದರೊಳಗೆ ಮಾಡುತ್ತದೆ.

ಹಾಗಾದರೆ ಹೊಸ ಪಂಗಡದವರು ಗೆದ್ದರೇ? ಪೂರ್ತಿಯಾಗಿ ಅಲ್ಲ. ಅವರ ಪಾಲಿಗೆ ಸಲ್ಲಬೇಕಾದುದು ಬಹಳವಿದೆ. ಗುಂಯ್‌ಗುಡುವಿಕೆಯಿಲ್ಲ, ಬಿರಡೆಯನ್ನು ಮುಟ್ಟದೆಯೇ ಶ್ರುತಿಯನ್ನು ಬದಲಾಯಿಸಬಹುದು, ನಾಲ್ಕು ಗಿಟಾರು ಕೊಳ್ಳಲಾರದ ವಿದ್ಯಾರ್ಥಿಗೆ ಒಂದರಲ್ಲಿಯೇ ಹಲವು ಕಂಠಗಳು. ಲೆಕ್ಕಕ್ಕೆ ಹಿಡಿಯುವ ಕೆಲವು ಮಿಲಿಸೆಕೆಂಡುಗಳ ತಡವನ್ನು ಕೆಲವರು ದೊಡ್ಡದು ಮಾಡುತ್ತಾರೆ. ಗಾಳಿಯಲ್ಲಿ ಧ್ವನಿ ಒಂದು ಮೀಟರು ಸಾಗಲು 3 ಮಿಲಿಸೆಕೆಂಡು ಹಿಡಿಯುತ್ತದೆ. ಧ್ವನಿವರ್ಧಕದಿಂದ ಎರಡು ಹೆಜ್ಜೆ ಹಿಂದೆ ನಿಂತಷ್ಟೇ ನಷ್ಟ. ಆದರೆ ಹಳೆಯ ಗಿಟಾರನ್ನು ಧ್ವನಿವರ್ಧಕದ ಮುಂದೆ ಹಿಡಿದಾಗ, ಹೊರಟ ನಾದವೇ ಮರಳಿ ಬಂದು ತಂತಿಯನ್ನು ನಡುಗಿಸಿ, ಸ್ವರವನ್ನು ಎಷ್ಟು ಹೊತ್ತಾದರೂ ನಿಲ್ಲಿಸಬಲ್ಲದು. ಲೆಕ್ಕದಿಂದ ಶ್ರುತಿ ಬದಲಾಯಿಸಿದ ಗಿಟಾರಿನಲ್ಲಿ ತಂತಿ ಕಂಪಿಸುವುದು ಒಂದು ಸ್ವರದಲ್ಲಿ, ಧ್ವನಿವರ್ಧಕ ಹಾಡುವುದು ಇನ್ನೊಂದರಲ್ಲಿ. ಈ ಕೊಡುಕೊಳ್ಳುವಿಕೆ ಅಲ್ಲಿ ಕಡಿದುಹೋಗುತ್ತದೆ. ರಾಮನ್ನರ ತೋಳದ ಸ್ವರವೂ ತಂತಿ ಮತ್ತು ಒಡಲುಗಳ ಇಂಥದೇ ಕೊಡುಕೊಳ್ಳುವಿಕೆಯ ಫಲವಾಗಿದ್ದಿತು. ಇನ್ನು ರಿಪೇರಿಯ ಮಾತು: ಸುರುಳಿಯ ಗಿಟಾರು ಕೆಟ್ಟರೆ ಎಸ್. ಪಿ. ರಸ್ತೆಯಲ್ಲಿ ಸಾಮಾನು ಕೊಂಡು, ಬೆಸುಗೆ ಹಾಕಬಲ್ಲ ಯಾರಿಂದಲಾದರೂ ಸರಿಪಡಿಸಿಕೊಳ್ಳಬಹುದು. ಗಣಕದ ಬಿಲ್ಲೆ ಕೆಟ್ಟು, ತಯಾರಕರು ಆ ಮಾದರಿಯನ್ನು ನಿಲ್ಲಿಸಿದ್ದರೆ, ಉಳಿಯುವುದು ಒಂದು ಮರದ ಹಲಗೆ.

ಇವಕ್ಕಿಂತಲೂ ಆಳವಾದ ತೊಡಕನ್ನು ತೋರಿಸಿದವರು ಸ್ವತಃ ರಾಮನ್ನರೇ. 1921ರಲ್ಲಿ ಅವರು ವೀಣೆ ಮತ್ತು ತಂಬೂರಿಗಳ ಮೇಲೆ ಐದೇ ಪುಟಗಳ ಒಂದು ಲೇಖನ ಬರೆದರು. ಹಳೆಯ ನಿಯಮವೊಂದಿದೆ, ಇಂಗ್ಲೆಂಡಿನ ತಾಮಸ್ ಯಂಗ್ 1800ರ ಸುಮಾರಿಗೆ ಹೇಳಿ ಹೆಲ್ಮ್‌ಹೋಲ್ಟ್ಸ್ ಸ್ಥಿರಪಡಿಸಿದ್ದು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದು ನಿಶ್ಚಲವಾಗಿರಬೇಕಾದ ಸ್ವಯಂಭು ಸ್ವರಗಳು ಹುಟ್ಟುವುದಿಲ್ಲ. ನಟ್ಟನಡುವೆ ಮೀಟಿದರೆ ಎರಡನೆಯದೂ ನಾಲ್ಕನೆಯದೂ ಇರಕೂಡದು. ತಂಬೂರಿಯಲ್ಲಿ ರಾಮನ್ನರು ಮೀಟಿ ನೋಡಿದರು. ಇರಕೂಡದ ಸ್ವರಗಳು ಸ್ಪಷ್ಟವಾಗಿ ಕೇಳಿದವು. ನಿಯಮ ಮುರಿದಿದ್ದಿತು! ಕಾರಣ ಕುದುರೆಯಲ್ಲಿ ದೊರೆಯಿತು. ಪಿಟೀಲಿನ ಕುದುರೆಯ ಅಂಚು ಚೂಪು. ತಂತಿ ಅಲ್ಲಿ ಕಡಿದಂತೆ ಕೊನೆಗೊಳ್ಳುತ್ತದೆ. ವೀಣೆಯ ಕುದುರೆಯ ಲೋಹದ ಮೇಲ್ಮೈ ಅಗಲವಾಗಿ, ನಯವಾಗಿ ಬಾಗಿದೆ. ತಂತಿ ಅದನ್ನು ಸವರುತ್ತ ಬಿಟ್ಟುಹೋಗುತ್ತದೆ. ತಂಬೂರಿಯಲ್ಲಿ ಆ ಕೆಲಸವನ್ನು ಮಾಡುವುದು ಜೀವಾಳಿ, ಎಂದರೆ ಕುದುರೆಯ ಮೇಲೆ ತಂತಿಯಡಿ ಇಡುವ ಒಂದೆಳೆ ದಾರ. ಪ್ರತಿ ಕಂಪನಕ್ಕೂ ತಂತಿ ಕುದುರೆಗೆ ತಾಗಿ ಬಿಡುತ್ತಿರುವುದರಿಂದ, ಇಲ್ಲದ ಸ್ವರಗಳು ಮತ್ತೆ ಮತ್ತೆ ಹುಟ್ಟುತ್ತವೆ. ತಂಬೂರಿಗೆ ಜೀವ ಬರುವುದು ಅದರಿಂದ. ಹೆಸರಿಟ್ಟವರು ಅದನ್ನು ಬಲ್ಲವರೇ ಇರಬೇಕು. ಇಂಥ ಕುದುರೆಯನ್ನು ಕಲ್ಪಿಸಿದ ನಮ್ಮ ಪೂರ್ವಿಕರ ಕಿವಿಯನ್ನು ರಾಮನ್ನರು ಮುಕ್ತಕಂಠದಿಂದ ಮೆಚ್ಚಿದ್ದಾರೆ.

ತಗಲಿ ಬಿಡುವ ಈ ಆಟವನ್ನು ತಡಮಾಡಿ ಕಳೆಯುವ ಸರಳ ಲೆಕ್ಕ ಹಿಡಿಯಲಾರದು. ವೇರಿಯಾಕ್ಸಿನಂಥ ಗಿಟಾರಿನಲ್ಲಿ ಸಿತಾರಿನ ಹೆಸರಿನದೊಂದು ಕಂಠ ಉಂಟು. ಝೇಂಕಾರ ಇದೆ, ಜೀವಾಳಿ ಇದೆಯೆಂದು ನನಗೆ ಅನಿಸಲಿಲ್ಲ. ತಂಬೂರಿಯನ್ನು ಗಣಕದಲ್ಲಿ ಕಟ್ಟುವ ಪ್ರಯತ್ನದಲ್ಲಿ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾನಿಲಯದವರು 2016ರಲ್ಲಿಯೂ ತೊಡಗಿದ್ದರು. ಕುದುರೆ, ದಾರ, ತಂತಿಗಳ ತಗಲಾಟವೇ ಅವರಿಗೂ ಮುಖ್ಯ ಕಷ್ಟ. ಇತ್ತ ನಮ್ಮ ಕಚೇರಿಗಳಲ್ಲಿ ಇಲೆಕ್ಟ್ರಾನಿಕ್ ತಂಬೂರಿಯ ಪೆಟ್ಟಿಗೆ ಬಹುಕಾಲದಿಂದ ಬಳಕೆಯಲ್ಲಿದೆ, ಅದರ ಮುಂದೆ ಒಳ್ಳೆಯ ಸಂಗೀತವೂ ನಡೆಯುತ್ತಿದೆ. ನಿಯಮವನ್ನು ಪೂರ್ತಿ ಅರಿತ ಮೇಲೆಯೇ ವಾದ್ಯ ಮಾಡಬೇಕೆಂದಿದ್ದರೆ ಪಿಟೀಲೂ ಹುಟ್ಟುತ್ತಿರಲಿಲ್ಲ.

ಮೃದಂಗದ ಮೇಲೆಯೂ ಅವರು ದುಡಿದರು. ಬರಿಯ ಚರ್ಮದ ಕಂಪನಗಳು ಒಂದಕ್ಕೊಂದು ಹೊಂದುವುದಿಲ್ಲ; ಆದುದರಿಂದ ಸಾಮಾನ್ಯ ಡೋಲಿಗೆ ಸದ್ದುಂಟು, ಸ್ವರವಿಲ್ಲ. ನಡುವೆ ಕರಣೆಯನ್ನು ಹಚ್ಚಿ ಭಾರ ಹೆಚ್ಚಿಸಿದೊಡನೆ ಆ ಕಂಪನಗಳು ಸ್ವಯಂಭು ಸ್ವರಗಳ ಸಾಲಿಗೆ ಬಂದು ನಿಲ್ಲುತ್ತವೆ. ಇದನ್ನು ಶಿವಕಾಲಿ ಕುಮಾರರೊಡನೆ 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲ ಒಂಬತ್ತು ಕಂಪನಗಳು ಐದು ಸ್ವಯಂಭು ಸ್ವರಗಳಾಗಿ ಹೇಗೆ ಕೂಡಿಕೊಳ್ಳುತ್ತವೆಂಬುದನ್ನು 1934ರಲ್ಲಿ ಬೆಂಗಳೂರಿನಿಂದ ವಿವರವಾಗಿ ಬರೆದರು. 1927ರಲ್ಲಿ ಜರ್ಮನಿಯ ಪ್ರಸಿದ್ಧ ಭೌತವಿಜ್ಞಾನ ಕೋಶದ ಎಂಟನೆಯ ಸಂಪುಟಕ್ಕೆ ಸಂಗೀತವಾದ್ಯಗಳ ಅಧ್ಯಾಯವನ್ನು ಬರೆಯಲು ಆರಿಸಿದುದು ಕಲ್ಕತ್ತೆಯ ಈ ಪ್ರಾಧ್ಯಾಪಕರನ್ನೇ.

ಆದರೆ ಅಷ್ಟರಲ್ಲಿ ಮನಸ್ಸು ಬೇರೆಡೆಗೆ ತಿರುಗಿದ್ದಿತು. 1921ರಲ್ಲಿ ಇಂಗ್ಲೆಂಡಿಗೆ ಹೋಗಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಸೆಳೆಯಿತು. ಮುಂದಿನ ಕಥೆ ಪಠ್ಯಪುಸ್ತಕಗಳಲ್ಲಿದೆ: 1924ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ, 1929ರಲ್ಲಿ ಸರ್ ಪದವಿ, 1930ರಲ್ಲಿ ನೊಬೆಲ್. ತಂತಿಯ ಮೇಲೆ ಬರೆದ ಗ್ರಂಥದ ಎರಡನೆಯ ಭಾಗ ಬರಲೇ ಇಲ್ಲ. ಬೆಳಕು ಗಳಿಸಿಕೊಂಡದ್ದನ್ನು ನಾದ ಕಳೆದುಕೊಂಡಿತೆಂದು ಸಂಗೀತದ ಕಡೆಯವರು ಸಣ್ಣಗೆ ಕೊರಗಿದರೆ ತಪ್ಪಲ್ಲ.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಆ ಅಧಿಕಾರ ಸುಖವಾಗಿ ನಡೆಯಲಿಲ್ಲ. ಆಡಳಿತ ಮಂಡಲಿಯೊಡನೆ ವಿರಸ ಬೆಳೆದು 1937ರಲ್ಲಿ ನಿರ್ದೇಶಕತ್ವವನ್ನು ಬಿಟ್ಟು, 1948ರವರೆಗೆ ಪ್ರಾಧ್ಯಾಪಕರಾಗಿಯೇ ಉಳಿದರು. ಮಾತು ಬಿರುಸು, ಸ್ವಾಭಿಮಾನ ಅಳತೆ ಮೀರಿದ್ದು. ಅವರೊಡನೆ ಬಾಳುವುದು ಸುಲಭವಾಗಿರಲಿಲ್ಲವೆಂದು ಅವರನ್ನು ಮೆಚ್ಚಿದವರೂ ಒಪ್ಪಿದ್ದಾರೆ. 1934ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸ್ಥಾಪಿಸಿದರು. ಮೈಸೂರು ಮಹಾರಾಜರು ಅದೇ ವರ್ಷ ದಾನವಿತ್ತ ಭೂಮಿಯಲ್ಲಿ 1948ರಲ್ಲಿ ರಾಮನ್ ಸಂಶೋಧನ ಮಂದಿರವು ಆರಂಭವಾಯಿತು. 1954ರಲ್ಲಿ ಭಾರತರತ್ನ ದೊರಕಿತು. ವಜ್ರಗಳು, ಹೂಗಳ ಬಣ್ಣ, ಕಣ್ಣು ನೋಡುವ ಬಗೆ, ಇವೇ ಅವರ ಮುಪ್ಪಿನ ವಿಷಯಗಳು. ಲೋಕಸುಂದರಿ ಅಮ್ಮನವರ ವೀಣೆ ಜೊತೆಯಲ್ಲಿಯೇ ಬೆಂಗಳೂರಿಗೆ ಬಂದಿದ್ದಿತು.

ಮಂದಿರದಲ್ಲಿ ಪ್ರತಿ ವರ್ಷ ಗಾಂಧೀಜಯಂತಿಯಂದು ಅವರು ಒಂದು ಉಪನ್ಯಾಸ ಕೊಡುತ್ತಿದ್ದರು. 1970ರ ಅಕ್ಟೋಬರ್ 2ರಂದು, ಎಂಬತ್ತೆರಡಕ್ಕೆ ಒಂದು ತಿಂಗಳು ಉಳಿದಿರುವಾಗ, ಅವರು ಆರಿಸಿಕೊಂಡ ವಿಷಯ ಕಿವಿ: ಒಳಗಿವಿಯು ನಾದವನ್ನು ಗ್ರಹಿಸುವ ರೀತಿ. ಹೆಲ್ಮ್‌ಹೋಲ್ಟ್ಸನು ಉತ್ತರ ಹುಡುಕಿದ್ದ ಪ್ರಶ್ನೆಯದು. ಅದೇ ಅವರ ಕಡೆಯ ಗಾಂಧೀ ಉಪನ್ಯಾಸವಾಯಿತು. ನವೆಂಬರ್ 21ರ ಬೆಳಗಿನಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಮಂದಿರದ ತೋಟದಲ್ಲಿಯೇ ದಹನ ನಡೆಯಿತು. ಅಲ್ಲಿ ಕಲ್ಲಿನ ಸ್ಮಾರಕವನ್ನು ನಿಲ್ಲಿಸಲಿಲ್ಲ. ಹಳದಿ ಹೂ ಬಿಡುವ ಟಬೆಬೂಯ ಮರವೊಂದನ್ನು ನೆಟ್ಟರು.